ನೀರು ಕುಡಿಯದ ಕಲ್ಲು

ಕಳೆದ ವಾರ ಪಕ್ಕದ ಮನೆಯವರು ಹೊಸ ಕೆಂಪುಕಲ್ಲಿನ ರಾಶಿಗೆ ನೀರು ಬಿಡುತ್ತಿದ್ದರು. ಒದ್ದೆಯಾದ ಕಲ್ಲಿನ ವಾಸನೆ ಜಗಲಿಯವರೆಗೂ ಬಂತು. ನನಗೆ ಕೆಲವು ವರ್ಷಗಳ ಹಿಂದಿನ ಆ ಶನಿವಾರ ನೆನಪಾಯಿತು. ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಅದು.

ಕಡಬದ ನಮ್ಮ ಮನೆ ಕಟ್ಟಿದ್ದು ಊರಿನ ಹಳೆಯ ಮೇಸ್ತ್ರಿಯವರೇ. ರಸ್ತೆ ಬದಿಯ ಆವರಣ ಗೋಡೆಯನ್ನಾದರೂ ನನ್ನ ಕೈಯಿಂದ ಕಟ್ಟಬೇಕೆಂದು ನನಗೆ ಆಸೆ. ಅವರು ನಗಲಿಲ್ಲ. ಎರಡೂ ತುದಿಗಳನ್ನು ತಾವೇ ನೇರವಾಗಿ ಏರಿಸಿ, ನಡುವೆ ದಾರ ಎಳೆದು ಕೊಟ್ಟರು. ತುಂಬಿಸುವುದು ನನ್ನ ಕೆಲಸ.

ಆ ಶನಿವಾರ ಸಂಪಾಜೆಯ ಮಗಳ ಮನೆಗೆ ಹೊರಟವರು ಗೇಟಿನ ಬಳಿ ನಿಂತರು. "ಕಲ್ಲಿಗೆ ಹೊಟ್ಟೆ ತುಂಬ ನೀರು ಕೊಡಿ ಮಾರಾಯ್ರೆ. ಇಲ್ಲದಿದ್ರೆ ಅದು ಸಿಮೆಂಟಿನ ನೀರನ್ನೇ ಕುಡೀತದೆ. ದಿನಕ್ಕೆ ಮೂರೇ ಸಾಲು."

"ಮೊಬೈಲಲ್ಲಿ ಎಲ್ಲ ನೋಡಿದ್ದೇನೆ," ಎಂದೆ.

"ಮೊಬೈಲಲ್ಲಿ ಕಲ್ಲು ಹೊರ್ಲಿಕ್ಕೆ ಇಲ್ಲ. ಅದಕ್ಕೇ ಅಷ್ಟು ಸುಲಭ ಕಾಣುದು!"

ಭಾನುವಾರ ನಾನು ಏಳು ಸಾಲು ಏರಿಸಿದೆ. ಮೊದಲ ಸಾಲಿನ ನಂತರ ನೀರು ಹಾಕುವುದನ್ನೂ ಬಿಟ್ಟೆ. ಅವರು ಬರುವಾಗ ಗೋಡೆ ಮುಗಿದಿರಬೇಕು, ಅಷ್ಟೇ ತಲೆಯಲ್ಲಿತ್ತು...

ಸೋಮವಾರ ಬೆಳಿಗ್ಗೆ ನಡುಭಾಗ ರಸ್ತೆಗೆ ಬಿತ್ತು. ಡೈರಿಗೆ ಹಾಲು ಕೊಟ್ಟು ಬರುತ್ತಿದ್ದ ಹೆಂಗಸೊಬ್ಬರು ಒಂದು ಹೆಜ್ಜೆಯ ಅಂತರದಲ್ಲಿ ಪಾರಾದರು. ಜನ ಸೇರಿದರು. "ಯಾರ ಕೆಲಸ ಇದು?" ಎಂದು ಯಾರೋ ಕೇಳಿದರು. "ಮತ್ಯಾರು, ಮೇಸ್ತ್ರಿಯದ್ದೇ," ಎಂದರು ಇನ್ನೊಬ್ಬರು. ನಾನು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿಯವರೇ ಬಂದರು. ಬಿದ್ದ ಕಲ್ಲೊಂದನ್ನು ಮಗುಚಿದರು. ಅಂಟಿದ್ದ ಸಿಮೆಂಟು ಬೆರಳು ತಾಗಿದ್ದೇ ಪುಡಿಯಾಗಿ ಉದುರಿತು. ಅವರಿಗೆ ಎಲ್ಲ ಗೊತ್ತಾಯಿತು.

"ಎಂತ ಮೇಸ್ತ್ರಿ, ನಿಮ್ಮ ಗೋಡೆಗೂ ಈಗ ನಿದ್ದೆ ಬರ್ತದಾ?" ಎಂದರು ಗುಂಪಿನಲ್ಲಿದ್ದ ಒಬ್ಬರು.

"ವಯಸ್ಸಾಯ್ತಲ್ಲ, ಕೈ ತಪ್ತದೆ," ಎಂದರು ಅವರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಬಗ್ಗಿ ರಸ್ತೆಯ ಕಲ್ಲುಗಳನ್ನು ಬದಿಗಿಡತೊಡಗಿದರು.

ಆ ವರ್ಷದಿಂದ ಊರಿನವರು ಕೆಲಸಕ್ಕೆ ಬೇರೆಯವರನ್ನು ಕರೆಯತೊಡಗಿದರು. ಮನೆ ಕಟ್ಟುತ್ತಿದ್ದ ಕೈ ದನದ ಹಟ್ಟಿಯ ಬಿರುಕು ಮುಚ್ಚಲು ಹೋಗುತ್ತಿತ್ತು. ಬಳಿಕ ಅದೂ ಇಲ್ಲ. ದಾರಿಯಲ್ಲಿ ಸಿಕ್ಕಾಗ ಅವರು ಎಂದಿನಂತೆ "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಹಾಗೆಯೇ ವರ್ಷಗಳು ಹೋದವು...

ಅವರು ತೀರಿಕೊಂಡ ದಿನ ಮಗಳು ಹೇಳಿದಳು, "ಆ ಗೋಡೆ ಬಿದ್ದದ್ದು ತನ್ನ ತಪ್ಪು ಅಂತಲೇ ಅಪ್ಪ ಹೇಳ್ತಾ ಇದ್ರು."

ನಾನು ನಿಜ ಹೇಳಿದೆ.

"ಈಗ ಯಾಕೆ ಹೇಳುದು ಅಣ್ಣಾ?" ಎಂದಳು.

ಈಗ ಕೇಳಿದವರಿಗೆಲ್ಲ ಹೇಳುತ್ತೇನೆ, ಅದು ನಾನು ಕಟ್ಟಿದ ಗೋಡೆ ಎಂದು. ಅವರ ಎದುರು ಒಂದು ಸಲವೂ ಹೇಳಿರಲಿಲ್ಲ.