ಕಂಬಿಗೆ ಚುಚ್ಚಿದ ನನ್ನ ಕಾಗದ

ನಾನು ಸೊಸೆಯಾಗಿ ಬಂದ ಚಾಮರಾಜಪೇಟೆಯ ಮನೆಯಲ್ಲಿ ಯಾವ ಕಾಗದ ಬಂದರೂ ಅದರ ಗತಿ ಒಂದೇ. ನಮ್ಮ ಮಾವ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುವರು, ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ್ದ ಕಬ್ಬಿಣದ ಕಂಬಿಗೆ ಚುಚ್ಚುವರು. ನಮ್ಮ ತರಕಾರಿ ಮಂಡಿಯ ಚೀಟಿ, ನೆಂಟರ ಲಗ್ನಪತ್ರಿಕೆ ಎಲ್ಲವೂ ಆ ಕಂಬಿಯಲ್ಲೇ. ಅವರ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ದೊಡ್ಡ ಯುದ್ಧ ನಡೆಯುತ್ತಿದ್ದಾಗ ನಮ್ಮ ಯಜಮಾನರು ಸಂಸ್ಥಾನದ ಕುದುರೆ ಪಡೆಯಲ್ಲಿ ಈಜಿಪ್ಟಿನ ಕಡೆ ಇದ್ದರು. ಬರೆದರೆ ತಂದೆಗೇ ಬರೆಯುವರು. ಕೊನೆಯಲ್ಲಿ 'ಮನೆಯವರನ್ನೆಲ್ಲ ಕೇಳಿದೆನೆಂದು ಹೇಳಿ' ಎಂದಿರುತ್ತಿತ್ತು. ಅದರಲ್ಲಿ ನನಗೂ ಒಂದು ಪಾಲು. ಒಮ್ಮೆ ಮಾತ್ರ ಅದೇನು ಧೈರ್ಯ ಬಂತೋ, ನನ್ನ ಹೆಸರಿಗೇ ಕಾಗದ ಬಂತು. ಮಾವ ಎಂದಿನಂತೆ ಒಡೆದು, "ನನ್ನ ಪ್ರೀತಿಯ" ಎಂದು ಶುರುಮಾಡಿ ಕೆಮ್ಮಿದರು. ಕಣ್ಣು ಒಂದೆರಡು ಸಾಲು ಕೆಳಗೆ ಓಡಿತು. "ಕ್ಷೇಮವಾಗಿದಾನಂತೆ" ಎಂದು ಲಕೋಟೆ ಸಮೇತ ಕಂಬಿಗೆ ಚುಚ್ಚಿಬಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನಗೆ ಓದಲು ಬರುತ್ತಿತ್ತು. ಮಾವ ಮಂಡಿಗೆ ಹೋದಾಗ ತೆಗೆದು ಓದಬಹುದಿತ್ತು. ಆದರೆ ನನ್ನ ವಸ್ತುವನ್ನು ನಾನೇ ಕದಿಯಬೇಕೇ? ಕೊಟ್ಟರೆ ಓದುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹಟ ಹಿಡಿದೆ. ಕಸ ಗುಡಿಸುವಾಗ ತಲೆಯೆತ್ತಿ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಯುದ್ಧ ಮುಗಿದು ಯಜಮಾನರು ಬಂದರು, ಮಂಡಿಯಲ್ಲಿ ಕೂತರು. ಏನು ಬರೆದಿದ್ದಿರಿ ಎಂದು ಕೇಳಿದರೆ, "ನೆನಪಿಲ್ಲ ಬಿಡು" ಎನ್ನುವರು. ಶತ್ರುವಿನ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿದವರು, ಅಪ್ಪನ ಎದುರು ಹೆಂಡತಿಯ ಹೆಸರು ಹಿಡಿದು ಕರೆಯಲು ಹೆದರುವರು. ಆ ಮನೆಯಲ್ಲಿ ನನ್ನ ಹೆಸರು "ಇಲ್ನೋಡು" ಎಂದೇ ಆಗಿತ್ತು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಬಸವನಗುಡಿಯ ಹಿರಿಯರೊಬ್ಬರು ಮನೆಗೆ ಬಂದರು. ಹಳೆಯ ನಾಣ್ಯ, ಅಂಚೆಚೀಟಿ ಕೂಡಿಡುವವರು. ಈಗ ಯುದ್ಧಭೂಮಿಯಿಂದ ಬಂದ ಕಾಗದಗಳನ್ನು ಹುಡುಕುತ್ತಿದ್ದರು. ಮಾವ ಹಿಗ್ಗಿ ಕಂಬಿ ಇಳಿಸಿದರು. ಬಂದವರು ಅಷ್ಟೊಂದು ಕಾಗದಗಳ ನಡುವೆ ನನ್ನದನ್ನೇ ಎತ್ತಿ ಬೆಳಕಿಗೆ ಹಿಡಿದರು.

"ಸೈನ್ಯದ ಮುದ್ರೆ ಎಷ್ಟು ಚೆನ್ನಾಗಿ ಉಳಿದಿದೆ. ಇದನ್ನ ಕೊಡ್ತೀರಾ?"

"ತಗೊಳಿ, ಧಾರಾಳವಾಗಿ ತಗೊಳಿ. ಸುಮ್ನೆ ಧೂಳು ತಿಂತಿದೆ," ಎಂದರು ಮಾವ. ಯಜಮಾನರು ಕಂಬದ ಪಕ್ಕ ನಿಂತು ತಮ್ಮ ಕಾಲ್ಬೆರಳು ನೋಡುತ್ತಿದ್ದರು.

ಬಾಗಿಲ ಮರೆಯಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಹೊದ್ದು ಹೊರಗೆ ಬಂದೆ.

"ಅದು ನನ್ನ ಕಾಗದ. ನಾನಿನ್ನೂ ಓದಿಲ್ಲ."

ಬಂದವರು ಲಕೋಟೆಯ ಮೇಲಿನ ಹೆಸರು ನೋಡಿದರು, ನನ್ನನ್ನು ನೋಡಿದರು. "ಯಾರಿಗೆ ಬರೆದಿದಾರೋ ಅವರೇ ಓದಿಲ್ಲ ಅಂದ್ಮೇಲೆ ಇದು ಹಳೇ ಕಾಗದ ಹೇಗಾಗುತ್ತಮ್ಮಾ? ತಗೊಳಿ," ಎಂದು ನನ್ನ ಕೈಗೇ ಕೊಟ್ಟರು.

ಮಾವ ಮೆಲ್ಲಗೆ, "ಒಳಗೆ ಹೋಗಿ ಓದ್ಕೊಳಮ್ಮ" ಎಂದರು.

"ಯಾಕೆ ಮಾವ? ಈ ಮನೇಲಿ ಕಾಗದ ಓದೋದು ಪಡಸಾಲೇಲೇ ಅಲ್ವಾ?" ಎಂದು ನಿಂತಲ್ಲೇ ಗಟ್ಟಿಯಾಗಿ ಓದತೊಡಗಿದೆ. ಕಂಬಿ ಚುಚ್ಚಿದ ಕಡೆ ಒಂದೆರಡು ಅಕ್ಷರ ಹೋಗಿದ್ದವು. ಮರಳು, ಸೆಕೆ, ನನ್ನ ಕೈಯ ಸಾರಿನ ಆಸೆ. ಆಮೇಲೆ ಹೀಗಿತ್ತು: 'ಅಪ್ಪನ ಎದುರು ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಅದಕ್ಕೇ ಇಲ್ಲಿ ನನ್ನ ಕುದುರೆಗೆ ನಿನ್ನ ಹೆಸರಿಟ್ಟು ದಿನವೂ ಬಾಯ್ತುಂಬ ಕರೆಯುತ್ತೇನೆ. ಉಳಿದು ಬಂದರೆ ನಿನ್ನನ್ನೂ ಹಾಗೆಯೇ ಕರೆಯುತ್ತೇನೆ.'

ಅಲ್ಲಿಗೆ ಕಾಗದ ಮಡಿಸಿದೆ. ಅಷ್ಟು ವರ್ಷದ ಸಿಟ್ಟು, ಸಂತೋಷ ಎರಡೂ ಒಟ್ಟಿಗೆ ಬಂದವು. "ಆ ಕುದುರೆಗಿದ್ದ ಭಾಗ್ಯ ನನಗಿಲ್ಲದೆ ಹೋಯ್ತಲ್ಲ," ಎಂದೆ.

ಮಾವ ಉಳಿದ ಕಾಗದಗಳನ್ನು ಮತ್ತೆ ಕಂಬಿಗೆ ಚುಚ್ಚುತ್ತಿದ್ದರು. ತಲೆಯೆತ್ತದೆಯೇ ಮಗನಿಗೆ ಹೇಳಿದರು, "ಮಾತು ಕೊಟ್ಟಿದೀಯಲ್ಲೋ. ಕರಿ."

ಯಜಮಾನರು ಕಂಬ ಬಿಟ್ಟು ಮುಂದೆ ಬಂದರು. ಆಮೇಲೆ ಕುದುರೆ ಪಡೆಯವರ ಗಂಟಲಿನಲ್ಲಿ ನನ್ನ ಹೆಸರು ಹಿಡಿದು ಕರೆದರು. ನಾನೇನು ಕಡಿಮೆಯೇ? ಬೀದಿಗೆಲ್ಲ ಕೇಳುವಂತೆ "ಏನ್ರೀ" ಎಂದು ಓಗೊಟ್ಟೆ.