ಪೈನ್ ಎಲೆಯ ಬಂಗಾರ

ಖಡಕಿಯ ಶಿವಪುತ್ರಪ್ಪನವರಿಗೆ ಸೊಟ್ಟಗಿರುವುದು ಯಾವುದೂ ಆಗಿಬರುತ್ತಿರಲಿಲ್ಲ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಆಯುಷ್ಯವೆಲ್ಲ ಒಂದೇ ಅಳತೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ ಕೈ ಅದು. ರಿಟೈರಾದ ಮೇಲೆ ಮನೆಯ ಚಪ್ಪಲಿಗಳೂ ಪರೇಡಿಗೆ ನಿಲ್ಲಬೇಕಾಯಿತು. ಅಂಥವರು ಒಮ್ಮೆ ಶಿಮ್ಲಾ ನೋಡಿ ಬಂದರು. ಅಷ್ಟೇ ಸಾಕಾಯಿತು.

ಕಾಲೋನಿಯ ಹಿಂದಿನ ಗುಡ್ಡದಲ್ಲಿ ತಮ್ಮ ಪಾಡಿಗೆ ಬೆಳೆದಿದ್ದ ಗಿಡಮರಗಳನ್ನೆಲ್ಲ ಕಡಿಸಿ, ಶಿಮ್ಲಾದಲ್ಲಿ ಕಂಡ ನೆಟ್ಟನೆಯ ಪೈನ್ ಮರದ ಸಸಿಗಳನ್ನು ದಾರ ಹಿಡಿದು ಸಾಲಾಗಿ ನೆಡಿಸಿದರು. ಸೊಸೈಟಿಯವರು ಶಾಲು ಹೊದಿಸಿದರು. ಕಡಿದವುಗಳಲ್ಲಿ ಒಂದು ಬನ್ನಿ ಮರವೂ ಇತ್ತು. ಇಂಡಿ ಕಡೆಯಿಂದ ಮದುವೆಯಾಗಿ ಬಂದ ಹೆಂಡತಿ ರುದ್ರವ್ವನಿಗೆ ಈ ಮರಾಠಿ ಊರಿನಲ್ಲಿ ತವರಿನದೆಂದು ಇದ್ದದ್ದು ಅದೊಂದೇ. ಆಕೆ ಕೂಗಾಡಲಿಲ್ಲ. ಆ ದಸರೆಗೆ ಪೇಟೆಯಿಂದ ಬನ್ನಿ ತಂದು ಓಣಿಗೆಲ್ಲ ಹಂಚಿ, ಗಂಡನ ಅಂಗೈಗೆ ಮಾತ್ರ ಸೂಜಿಯಂಥ ಪೈನ್ ಎಲೆಯೊಂದನ್ನು ಇಟ್ಟಳು.

"ತಗೊಳ್ರಿ, ನಿಮ್ಮ ಬಂಗಾರ."

ಅವರು ಅದನ್ನು ಕಿಟಕಿಯಾಚೆ ಎಸೆದರು. ಅಲ್ಲಿಂದ ಪ್ರತಿ ದಸರೆಗೂ ಇದೇ ಆಯಿತು: ಆಕೆ ಕೊಡುವುದು, ಇವರು ಎಸೆಯುವುದು.

ಪೈನುಗಳು ಎತ್ತರವಾದವು. ಒಂದು ಬೇಸಿಗೆಯಲ್ಲಿ ತೊಗಟೆ ಕೊರೆಯುವ ಹುಳು ಬಿತ್ತು. ಹುಳುವೂ ಇವರಷ್ಟೇ ಶಿಸ್ತಿನದು. ಒಂದು ಸಾಲು ಮುಗಿಸಿಯೇ ಇನ್ನೊಂದಕ್ಕೆ ಹೋಯಿತು. ಔಷಧಿ ಹೊಡೆಸಿದರು, ಮಾಲಿಯನ್ನು ಬೈದರು, ಏನೂ ನಡೆಯಲಿಲ್ಲ. ಗುಡ್ಡವೆಲ್ಲ ಒಣಗಿ ಕೆಂಪಾಯಿತು. ತುದಿಯಲ್ಲಿ ಒಂದೇ ಒಂದು ಮರ ಉಳಿಯಿತು. "ಶಿವಪುತ್ರಪ್ಪನ ಶಿಮ್ಲಾ" ಎಂದು ಜನ ನಗತೊಡಗಿದಾಗ ಅವರು ವಾಕಿಂಗಿನ ದಾರಿ ಬದಲಿಸಿದರು. ಈ ಗುಡ್ಡ ಮತ್ತೆ ಹಸಿರಾಗದೆ ತಲೆಯೆತ್ತಿ ತಿರುಗಲಾರೆ ಎಂಬ ಸಂಕಟ ಅವರನ್ನು ಹಿಡಿಯಿತು.

ಸೊಸೈಟಿಯ ಮೀಟಿಂಗಿನಲ್ಲಿ ಅವರೇ ಮೊದಲು ಎದ್ದರು. "ಈ ಸಲ ಬರೇ ಬೇವು ಹಚ್ಚೂಣು. ಬೇವಿಗೆ ಹುಳ ಹತ್ತಂಗಿಲ್ಲ."

"ಮತ್ತ ಒಂದ ಜಾತಿನ? ಹುಳಕ್ಕ ಇನ್ನೊಂದು ಪಂಕ್ತಿ ಹಾಕ್ತೀರೇನ್ರಿ ಕಾಕಾ?" ಎಂದಳು ಸೆಕ್ರೆಟರಿ ದೀಪಾಲಿ. "ಎಲ್ಲಾ ಜಾತಿ ಕೂಡಿಸಿ ಹಚ್ಚೂಣ್ರಿ."

ಎಲ್ಲರೂ ಒಪ್ಪಿದರು. ಕಾಡಿನ ಮೇಲಿನ ಪ್ರೀತಿಗಲ್ಲ, ತಮ್ಮ ತಮ್ಮ ದೇವರ ಸಲುವಾಗಿ. ದತ್ತನ ಭಕ್ತರಿಗೆ ಅತ್ತಿ ಬೇಕು, ಸೋಮವಾರ ಹಿಡಿದವರಿಗೆ ಬಿಲ್ವ, ವಟಪೂರ್ಣಿಮೆಗೆ ದಾರ ಸುತ್ತುವ ಮರಾಠಿ ಹೆಂಗಸರಿಗೆ ಆಲ. ಯಾರೂ ಯಾರಿಗೂ ಬಿಟ್ಟುಕೊಡಲಿಲ್ಲ, ಹೀಗಾಗಿ ಎಲ್ಲವೂ ಬಂದವು. ಹಿಂದಿನ ಸಾಲಿನಲ್ಲಿದ್ದ ರುದ್ರವ್ವ ಮಾತ್ರ ಏನೂ ಕೇಳಲಿಲ್ಲ. ಕೇಳದಿದ್ದುದೇ ಶಿವಪುತ್ರಪ್ಪನವರಿಗೆ ಚುಚ್ಚಿತು. "ನಮ್ಮದೊಂದು ಬನ್ನಿ ಬರಕೋ" ಎಂದು ಗೊಣಗಿ ಕೂತುಬಿಟ್ಟರು.

ಮರುವರ್ಷದ ದಸರೆಗೆ ಬನ್ನಿ ಮೊಣಕಾಲೆತ್ತರ ಬಂದಿತ್ತು. ಬಂಗಾರಕ್ಕೆಂದು ಬಂದವರು ಸಸಿಯನ್ನು ಬೋಳು ಮಾಡಿಯೇ ಹೋಗುತ್ತಾರೆಂದು ಶಿವಪುತ್ರಪ್ಪನವರಿಗೆ ಗೊತ್ತು. ಹುಳುವಿನೆದುರು ಸೋತವರು ಈಗ ಭಕ್ತರ ಎದುರು ಬಡಿಗೆ ಹಿಡಿದು ಕಾವಲು ಕೂತರು. ಸಂಜೆಗೆ ರುದ್ರವ್ವ ಬಂದಳು.

"ಒಂದ ಎಲಿನೂ ಮುಟ್ಟಂಗಿಲ್ಲ," ಎಂದರು. ಅಂದ ಮೇಲೆ, ಬನ್ನಿ ಕಡಿಸಿದವನೇ ಹೀಗೆನ್ನುವುದೇ ಎಂದು ಮುಖ ಕೆಂಪಾಯಿತು.

"ಯಾರ ಮುಟ್ಟತಾರ್ರಿ? ನೋಡಾಕ ಬಂದೀನಿ."

ಆಕೆ ಸಸಿಯ ಬುಡಕ್ಕೆ ಅರಿಶಿನ ಕುಂಕುಮ ಏರಿಸಿದಳು. ಆಮೇಲೆ ಗುಡ್ಡದ ತುದಿಗೆ ಹೋಗಿ, ಒಂಟಿ ಪೈನಿನ ಕೆಳಗಿಂದ ಒಣಗಿದ ಎಲೆಯೊಂದನ್ನು ಹೆಕ್ಕಿ ತಂದು ಗಂಡನ ಮುಂದೆ ಹಿಡಿದಳು.

ಶಿವಪುತ್ರಪ್ಪನವರು ಬಡಿಗೆ ಕೆಳಗಿಟ್ಟು ಎರಡೂ ಕೈ ಚಾಚಿದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು," ಎಂದರು.

"ಇದು ಬನ್ನಿ ಅಲ್ರಿ."

"ಗೊತ್ತದ," ಎಂದು ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡರು.