ಸರಳಕ್ಕನ ಉಕ್ಕಿನ ಕ್ಲಬ್

ಲೋಧಿ ಕಾಲೋನಿಯ ಸರಳಾ ಗಾಲ್ಫ್ ಕಲಿಯಲು ಹೋದದ್ದು ಐವತ್ತು ದಾಟಿದ ಮೇಲೆ, ಅದೂ ಬೇರೆ ಯಾರೂ ಹೆಸರು ಕೊಡಲಿಲ್ಲ ಎಂಬ ಕಾರಣಕ್ಕೆ. ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಸ್ಟೆನೊ ಆಗಿ ಸೇರಿದವಳು, ಈಗ ದೊಡ್ಡ ಅಧಿಕಾರಿಯೊಬ್ಬರ ಆಪ್ತ ಕಾರ್ಯದರ್ಶಿ. ಸಿಬ್ಬಂದಿಯ ಗಾಲ್ಫ್ ತರಬೇತಿಗೆ ಮಹಿಳೆಯರೂ ಬರಬೇಕೆಂದು ಸುತ್ತೋಲೆ ಬಂತು. ಇಡೀ ಮಹಡಿಯಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಕೊನೆಗೆ ಸರಳಾಳೇ ಹೆಸರು ಬರೆಸಿ ಬಂದಳು.

"ಬೆಳಿಗ್ಗೆ ಒಂದಿಷ್ಟು ಒಳ್ಳೆ ಗಾಳಿಯಾದ್ರೂ ಸಿಗುತ್ತೆ" ಎಂದಳು ಮನೆಯಲ್ಲಿ.

"ದೆಹಲೀಲಿ ಒಳ್ಳೆ ಗಾಳಿನಾ?" ಎಂದು ಗಂಡ ಸುದರ್ಶನ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೊದಲ ದಿನ ಬೀಸಿದ್ದೇ ಬೀಸಿದ್ದು, ಚೆಂಡು ಮಾತ್ರ ಇದ್ದಲ್ಲೇ ಇತ್ತು. ಆಮೇಲೊಂದು ಬೆಳಿಗ್ಗೆ ಹೊಡೆತ ಸರಿಯಾಗಿ ಕೂತಿತು. ಚೆಂಡು ಹುಲ್ಲು ಬಿಟ್ಟು ಎದ್ದು, ಆಕಾಶದಲ್ಲಿ ಒಂದು ಗಳಿಗೆ ನಿಂತಂತಾಗಿ, ಎಲ್ಲೋ ದೂರದಲ್ಲಿ ಇಳಿಯಿತು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಣ್ಣಂದಿರ ಜೊತೆ ಚಿನ್ನಿದಾಂಡು ಆಡುವುದನ್ನು ಬಿಟ್ಟ ಮೇಲೆ ಅವಳ ಕೈಗಳು ಅಂಥ ಖುಷಿ ಕಂಡಿರಲಿಲ್ಲ. ತರಬೇತಿ ಮುಗಿದರೂ ಆಟ ಬಿಡಲಿಲ್ಲ. ರಜೆಯ ದಿನ ಸಾರ್ವಜನಿಕ ಮೈದಾನಕ್ಕೆ ಹೋಗಿ, ಚೆಂಡು ಹೊಡೆಯುವ ಕೋಲುಗಳಾದ ಕ್ಲಬ್ಬುಗಳನ್ನು ಬಾಡಿಗೆಗೆ ಪಡೆದು ಆಡಿ ಬರುತ್ತಿದ್ದಳು.

ಸ್ವಂತ ಕ್ಲಬ್ಬಿನ ಆಸೆ ಹತ್ತಿಸಿದವನು ಅಭಿಷೇಕ್. ಗುರುಗ್ರಾಮದ ಕಂಪನಿಯೊಂದರಲ್ಲಿ ಮ್ಯಾನೇಜರ್, ದೆಹಲಿ ಕನ್ನಡಿಗರ ಗಾಲ್ಫ್ ಗುಂಪಿಗೆ ಅವಳನ್ನು ಸೇರಿಸಿದವನೂ ಅವನೇ. ಒಂದು ದಿನ ತನ್ನ ಟೈಟಾನಿಯಂ ಡ್ರೈವರನ್ನು, ಅಂದರೆ ಮೊದಲ ಹೊಡೆತಕ್ಕೆ ಬಳಸುವ ಉದ್ದನೆಯ ಕ್ಲಬ್ಬನ್ನು, ಅವಳ ಕೈಗಿಟ್ಟ.

"ಒಂದ್ಸಲ ಹೊಡೆದು ನೋಡಿ ಸರಳಕ್ಕ. ಆಮೇಲೆ ಬೇರೆ ಯಾವುದೂ ಬೇಡ ಅನ್ಸುತ್ತೆ."

ಸುಲಿದ ತೆಂಗಿನಕಾಯಿಯಷ್ಟು ದಪ್ಪನೆಯ ತಲೆ, ಆದರೆ ಎತ್ತಿದರೆ ಹಗುರ. ಹೊಡೆದಾಗ ಕಂಚಿನ ತಟ್ಟೆ ಬಾರಿಸಿದಂಥ ಸದ್ದು. ಚೆಂಡು ಅವಳು ಎಂದೂ ಕಳಿಸದಷ್ಟು ದೂರ ಹೋಯಿತು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗಲೂ ಸರಳಾಳ ಕಿವಿಯಲ್ಲಿ ಅದೇ ಸದ್ದು.

ಮರುವಾರ ಗಂಡ ಹೆಂಡತಿ ಕರೋಲ್ ಬಾಗಿನ ಅಂಗಡಿಯೊಂದಕ್ಕೆ ಹೋದರು. ಟೈಟಾನಿಯಂ ಡ್ರೈವರಿನ ಬೆಲೆ ಕೇಳಿ ಸುದರ್ಶನನಿಗೆ ಕೆಮ್ಮು ಬಂತು. ಆದರೂ ಹೇಳಿದ, "ಅಷ್ಟು ಇಷ್ಟ ಆಗಿದ್ರೆ ತಗೊಳೇ. ನನ್ನ ಹಳೇ ಸ್ಕೂಟರ್ ಇನ್ನೂ ಸ್ವಲ್ಪ ದಿನ ಓಡುತ್ತೆ."

ಅಂಗಡಿಯ ಹಿಂಭಾಗದಲ್ಲಿ ಹೊಡೆದು ನೋಡಲು ಬಲೆ ಕಟ್ಟಿದ್ದರು. ಸರಳಾ ಮೊದಲು ಟೈಟಾನಿಯಂ ಎತ್ತಿಕೊಂಡಳು. ಒಂದು ಹೊಡೆತ ನೆಟ್ಟಗೆ ಹೋದರೆ ಮುಂದಿನದು ಬಲಕ್ಕೆ, ಅದರ ಮುಂದಿನದು ಬಲೆಯ ಅಂಚಿಗೆ. ಗಿಡ್ಡಗಿದ್ದ ಅವಳ ಹಿಡಿತಕ್ಕೆ ಅಷ್ಟುದ್ದದ ಕೋಲು ಸಿಗುತ್ತಿರಲಿಲ್ಲ. ಮೂಲೆಯಲ್ಲಿ ಯಾರೋ ಬಳಸಿ ಮಾರಿದ ಕ್ಲಬ್ಬುಗಳ ಗುಡ್ಡೆ ಇತ್ತು. ಅದರಲ್ಲಿ ಉಕ್ಕಿನ ತಲೆಯ ಗಿಡ್ಡ ಕ್ಲಬ್ ಒಂದನ್ನು ಹೆಕ್ಕಿ ಬೀಸಿದಳು. ಸದ್ದು ಮಂದ, ತೂಕ ಜಾಸ್ತಿ. ಚೆಂಡು ಮಾತ್ರ ಬಲೆಯ ನಡುವಿಗೇ ಬಡಿಯಿತು. ಮತ್ತೆ ಹೊಡೆದಳು, ಮತ್ತೆ ಅಲ್ಲಿಗೇ.

"ಭಯ್ಯಾ, ಕೋಲನ್ನ ಇನ್ನೊಂಚೂರು ಕತ್ತರಿಸಿ, ಹೊಸ ಹಿಡಿ ಹಾಕಿಕೊಡಿ" ಎಂದು ಹಿಂದಿಯಲ್ಲಿ ಹೇಳಿ ಅದನ್ನೇ ಕೊಂಡಳು.

"ಬೇಜಾರಾಯ್ತಾ?" ಹೊರಗೆ ಬಂದ ಮೇಲೆ ಸುದರ್ಶನ್ ಕೇಳಿದ.

"ಆಯ್ತು ರೀ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇದು ನನ್ನ ಮಾತು ಕೇಳುತ್ತೆ."

ಆ ಬೇಸಿಗೆಯ ಸುಡು ಬಿಸಿಲಲ್ಲೂ ಚಳಿಗಾಲದ ಮಂಜಲ್ಲೂ ಉಕ್ಕಿನ ಕ್ಲಬ್ ಅವಳ ಹೆಗಲ ಮೇಲಿತ್ತು. ಅಂಗೈಯಲ್ಲಿ ಗುಳ್ಳೆಗಳು ಎದ್ದು, ಒಡೆದು, ಗಟ್ಟಿಯಾದವು.

ಫೆಬ್ರುವರಿಯಲ್ಲಿ ಗುಂಪಿನ ವಾರ್ಷಿಕ ಕಪ್ ನೋಯ್ಡಾದ ಮೈದಾನದಲ್ಲಿ ನಡೆಯಿತು. ಅಲ್ಲಿಯವರೆಗೆ ಹೆಂಗಸರ್‍ಯಾರೂ ಅದನ್ನು ಗೆದ್ದಿರಲಿಲ್ಲ. ಕೊನೆಯ ಕುಳಿಗೆ ಬರುವಷ್ಟರಲ್ಲಿ ಮಿಕ್ಕವರೆಲ್ಲ ಹಿಂದೆ ಬಿದ್ದು, ಸರಳಾ ಮತ್ತು ಅಭಿಷೇಕ್ ಸರಿಸಮ ನಿಂತಿದ್ದರು. ಮುಂದೆ ಕಿರಿದಾದ ಹುಲ್ಲುಹಾದಿ, ಎರಡೂ ಕಡೆ ಜಾಲಿ ಮರ, ಕುಳಿಗೆ ಮೊದಲು ಒಂದು ಕೊಳ.

ಅಭಿಷೇಕ್ ಟೈಟಾನಿಯಂ ಬೀಸಿದ. ಚೆಂಡು ಎಲ್ಲರ ಬಾಯಿ ತೆರೆಸುವಷ್ಟು ದೂರ ಹಾರಿ, ಕೊನೆಗೆ ಎಡಕ್ಕೆ ವಾಲಿ ಜಾಲಿಯೊಳಗೆ ಬಿತ್ತು. ಸರಳಾಳ ಚೆಂಡು ಅಷ್ಟು ದೂರ ಹೋಗಲಿಲ್ಲ, ಆದರೆ ಹಾದಿಯ ನಟ್ಟನಡುವೆ ನಿಂತಿತು.

ಈಗ ಕೊಳ. ಆಟ ಏರ್ಪಡಿಸಿದ್ದ ಮನೋಜ್ ಜೊತೆಗಿದ್ದ. ಆಕೆ ಮತ್ತೆ ಅದೇ ಕ್ಲಬ್ ತೆಗೆದದ್ದು ಕಂಡು, ಇದು ಕೊಳ ದಾಟಿಸೀತೇ ಎಂದು ಅವನ ಮುಖ ಸಪ್ಪಗಾಯಿತು. ಚೆಂಡು ನೀರಿಗೆ ಬಿದ್ದರೆ ಆಟ ಮುಗಿದಂತೆ. ಸರಳಾ ಕಾಲು ಊರಿ ನಿಂತಳು. ಉಸಿರು ಬಿಟ್ಟು, ಬೀಸಿದಳು. ಚೆಂಡು ನೀರಿನ ಮೇಲೆ ಹಾಯ್ದು, ಆಚೆ ದಂಡೆಗೆ ತಾಗಿ, ಪುಟಿದು, ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ಉರುಳಿತು.

"ಅಯ್ಯಯ್ಯೋ, ದಾಟಿಸೇ ಬಿಟ್ರಲ್ಲ!" ಮನೋಜ್ ಕುಣಿದುಬಿಟ್ಟ.

ಅಭಿಷೇಕ್ ಮರಗಳ ಸಂದಿಯಿಂದ ಹೊರಬರಲು ಒಂದು ಹೊಡೆತ ಕಳೆದುಕೊಂಡಿದ್ದ; ಕಡಿಮೆ ಹೊಡೆತದಲ್ಲಿ ಮುಗಿಸಿದವರದೇ ಗೆಲುವು. ಸರಳಾಳ ಕೊನೆಯ ಹೊಡೆತದ ಚೆಂಡು ಕುಳಿಯ ಅಂಚಿನಲ್ಲಿ ತಡವರಿಸಿ ಒಳಗೆ ಬಿದ್ದಾಗ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಅವನೇ.

"ಸರಳಕ್ಕ, ಇನ್ಮೇಲೆ ನಾನೇ ನಿಮ್ಮ ಹತ್ರ ಕಲೀಬೇಕು."

"ಬಾರಪ್ಪ, ಆಡೋಣ. ಮುಂದಿನ ಸಲಾನೂ ಬಿಡಲ್ಲ ನಾನು" ಎಂದಳು.

ಅಭಿಷೇಕ್ ಕಾರಿನಲ್ಲಿ ಬಿಡುತ್ತೇನೆಂದರೂ ಒಪ್ಪದೆ ಮೆಟ್ರೊ ಹಿಡಿಯಲು ಹೋದಳು. ತಪಾಸಣೆಯಲ್ಲಿದ್ದ ಹೆಣ್ಣುಮಗಳು ಚೀಲದಿಂದ ಇಣುಕುತ್ತಿದ್ದ ಬೆಳ್ಳಿ ಬಣ್ಣದ ಕಪ್ ನೋಡಿ, ಯಾರದು ಎಂದು ಹಿಂದಿಯಲ್ಲಿ ಕೇಳಿದಳು.

"ಮೇರಾ ಹೈ" ಎಂದಳು ಸರಳಾ, ಇಡೀ ಸರತಿ ಸಾಲು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಮೈನೇ ಜೀತಾ ಹೈ, ನಾನೇ ಗೆದ್ದದ್ದು!"